ಗುಜರಿಗೆ ಹಾಕುವ ಮುನ್ನ ಒಂದು ಮಾತು

"ಆ ಹಳೇ ಗಾಡೀನ ಇನ್ನೂ ಯಾಕ್ರೀ ಇಟ್ಕೊಂಡಿದ್ದೀರಿ? ಸುಮ್ನೆ ಜಾಗ ದಂಡ!" ಎಂದು ಯಾರಾದರೂ ಅಂದಾಗ ಏನು ಹೇಳಬೇಕೆಂದು ನಿಮಗೆ ತೋಚುವುದಿಲ್ಲ, ಅಲ್ಲವೇ? ಜಗಲಿಯ ಕೊನೆಯಲ್ಲೋ, ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲೋ ಗೋಣಿತಾಟು ಹೊದ್ದು ನಿಂತ ಯೆಜ್ಡಿ ಮೋಟಾರು ಸೈಕಲ್ಲು ನಮ್ಮ ಸಣ್ಣ ಊರುಗಳ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಮಾವನವರದ್ದೋ, ತಂದೆಯದ್ದೋ, ಕೆಲವು ಮನೆಗಳಲ್ಲಿ ತೀರಿಹೋದ ಯಜಮಾನರದ್ದೋ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳುತ್ತಾನೆ. ಮಗ "ರಿಪೇರಿ ಮಾಡಿಸೋಣಮ್ಮ, ಲಡಾಖ್‌ಗೆ ಹೋಗ್ತೀನಿ" ಅನ್ನುತ್ತಾನೆ. ನಡುವೆ ಸಿಕ್ಕಿಕೊಂಡವರು ನೀವು. ಮನೆಯ ಹಣದ ಡಬ್ಬಿ ನಿಮ್ಮ ಕೈಯಲ್ಲಿದ್ದರೂ "ಗಾಡಿ ವಿಷಯ ಗಂಡಸರಿಗೆ ಗೊತ್ತು" ಎಂದು ಸುಮ್ಮನಾಗುತ್ತೀರಿ.

ಸುಮ್ಮನಾಗಬೇಕಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸಲು, ಮಿಕ್ಸಿ ಯಾಕೆ ನಿಂತಿತೆಂದು ಊಹಿಸಲು ಬಲ್ಲವರಿಗೆ ಈ ಗಾಡಿಯ ವಿಷಯ ತಿಳಿಯದಷ್ಟು ಕಷ್ಟವಲ್ಲ. ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ತಿಳಿದು ತೀರ್ಮಾನಿಸಿ ಎಂಬುದಷ್ಟೇ ಈ ಲೇಖನದ ಉದ್ದೇಶ.

ನಮ್ಮ ಮೈಸೂರಿನದೇ ಗಾಡಿ

ಜಾವಾ ಎಂಬ ಹೆಸರು ಬಂದದ್ದು ದೂರದ ಚೆಕೋಸ್ಲೊವಾಕಿಯಾದಿಂದ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರದು. ನಮ್ಮಲ್ಲಿ ಇರಾನಿ ಕುಟುಂಬದವರ ಐಡಿಯಲ್ ಜಾವಾ ಕಂಪನಿ 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ಈ ಗಾಡಿಗಳನ್ನು ತಯಾರಿಸಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ದೂರದ ಪ್ರಯಾಣಕ್ಕೆ ಹೆಸರಾಗಿದ್ದ ಗಾಡಿ ಇದು. 250 ಸಿಸಿಯ ಒಂದೇ ಸಿಲಿಂಡರ್, ಅದಕ್ಕೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಕೋಲೇ ಮಡಚಿದರೆ ಗೇರಿನ ಕೋಲು! ಹಿಂದೆ ಹೋಲ್ಡಾಲ್ ಬಿಗಿದು ಘಟ್ಟ ಹತ್ತಿಳಿದು ಧರ್ಮಸ್ಥಳಕ್ಕೋ ಊಟಿಗೋ ಹೋಗಿಬಂದ ದಂಪತಿಗಳು ಆ ಕಾಲದಲ್ಲಿ ಬಹಳ. ಹೀಗೆ ದುಡಿದ ಗಾಡಿ ಇಪ್ಪತ್ತು ವರ್ಷ ನಿಂತುಬಿಟ್ಟರೆ ತುಕ್ಕು ಹಿಡಿಯುತ್ತದೆ, ನಿಜ. ಆದರೆ ಒಳಗಿನ ರಚನೆ ಸರಳವಾದ್ದರಿಂದ ಮತ್ತೆ ಎಬ್ಬಿಸುವುದು ಬಹಳ ಸಲ ಸಾಧ್ಯ.

ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ಒಂದು ರೂಪಾಯಿ ಖರ್ಚು ಮಾಡುವ ಮುನ್ನ ಬೀರುವಿನಲ್ಲಿ ಆರ್.ಸಿ. ಪುಸ್ತಕ ಹುಡುಕಿ. ಅದರಲ್ಲಿರುವ ಎಂಜಿನ್ ಸಂಖ್ಯೆ ಮತ್ತು ಚಾಸಿ ಸಂಖ್ಯೆ ಗಾಡಿಯ ಮೇಲೆ ಕೊರೆದಿರುವ ಸಂಖ್ಯೆಗಳಿಗೆ ಹೊಂದುತ್ತವೆಯೇ, ನೋಡಿ. ಹೊಂದದಿದ್ದರೆ ಮೊದಲು ಅದನ್ನು ಬಗೆಹರಿಸಿಕೊಳ್ಳಿ. ಕಾಗದ ಸರಿಯಿಲ್ಲದ ಗಾಡಿಗೆ ಎಷ್ಟು ಸುರಿದರೂ ಅದು ರಸ್ತೆಗೆ ಇಳಿಯುವಂತಿಲ್ಲ.

"ಹದಿನೈದು ವರ್ಷ ಆದ್ರೆ ಗುಜರಿಗೇ ಹಾಕ್ಬೇಕಂತೆ" ಎಂಬ ಮಾತು ನೀವೂ ಕೇಳಿರುತ್ತೀರಿ. ನಮ್ಮ ರಾಜ್ಯದಲ್ಲಿ ಹಾಗಿಲ್ಲ. ಸ್ವಂತ ಬಳಕೆಯ ಮೋಟಾರು ಸೈಕಲ್ಲಿನ ನೋಂದಣಿ ಹದಿನೈದು ವರ್ಷಕ್ಕಿರುತ್ತದೆ. ಆಮೇಲೆ ಗಾಡಿಯನ್ನು ಆರ್.ಟಿ.ಓ. ಕಚೇರಿಯಲ್ಲಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ಅರ್ಜಿ ನಮೂನೆ 25. ಹಳೇ ಗಾಡಿಗೆ ಶುಲ್ಕ ಹೆಚ್ಚು, ಹಸಿರು ತೆರಿಗೆಯೂ ಉಂಟು. ಎಷ್ಟಾಗುತ್ತದೆಂದು ಮೊದಲೇ ವಿಚಾರಿಸಿ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಿ.

ಗಾಡಿ ತೀರಿಹೋದ ಯಜಮಾನರ ಹೆಸರಿನಲ್ಲಿದ್ದರೆ ವಾರಸುದಾರರ ಹೆಸರಿಗೆ ಬದಲಾಗಬೇಕು. ಅದಕ್ಕೆ ನಮೂನೆ 31. ನಿಯಮದ ಪ್ರಕಾರ ಮೂವತ್ತು ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಆ ದುಃಖದ ದಿನಗಳಲ್ಲಿ ಯಾರಿಗೆ ತಾನೇ ಇದರ ನೆನಪಿರುತ್ತದೆ? ತಡವಾಗಿದ್ದರೂ ಸರಿ, ಮರಣ ಪ್ರಮಾಣಪತ್ರ ಮತ್ತು ವಾರಸುದಾರಿಕೆಯ ಕಾಗದ ಹಿಡಿದು ಹೋಗಿ ಕೇಳಿ. ತಮ್ಮನ ಹೆಸರಿಗೋ ಮೈದುನನ ಹೆಸರಿಗೋ "ಸುಲಭವಾಗ್ಲಿ ಅಂತ" ಬರೆಸುವ ಮುನ್ನ ಎರಡು ಸಲ ಯೋಚಿಸಿ. ಅದು ನಿಮ್ಮ ಮನೆಯ ಆಸ್ತಿ.

ಗಾಡಿಗೆ ಏನು ಕಾಯಿಲೆ?

ಈ ಎಂಜಿನ್ ಟೂ ಸ್ಟ್ರೋಕ್ ಜಾತಿಯದು. ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿ ಹಾಕಬೇಕು. ಹದ ನೋಡಿ ಒಗ್ಗರಣೆಗೆ ಎಣ್ಣೆ ಹಾಕಿದ ಹಾಗೆ! ಮೆಕ್ಯಾನಿಕ್ಕರು ಸಾಮಾನ್ಯವಾಗಿ ಲೀಟರಿಗೆ 30ರಿಂದ 40 ಮಿಲಿಲೀಟರ್ ಟೂ ಸ್ಟ್ರೋಕ್ ಎಣ್ಣೆ ಎನ್ನುತ್ತಾರೆ. ಗಾಡಿಯ ಕೈಪಿಡಿ ಇದ್ದರೆ ಅದರ ಮಾತೇ ಕೊನೆಯ ಮಾತು. ಗೊತ್ತಿಲ್ಲದ ಹುಡುಗರು ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಒಣಗಿ, ಕಾದು, ಕಚ್ಚಿಕೊಳ್ಳುತ್ತದೆ. "ಎಂಜಿನ್ ಸೀಜ್ ಆಗಿದೆ" ಅನ್ನುವುದು ಇದಕ್ಕೇ.

ನಿಂತು ನಿಂತು ಬಿಗಿದ ಎಂಜಿನ್‌ಗೆ ಸಿಟ್ಟಿನಿಂದ ಕಿಕ್ ಹೊಡೆಯಲು ಯಾರಿಗೂ ಬಿಡಬೇಡಿ. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಸ್ವಲ್ಪ ಎಣ್ಣೆ ಬಿಟ್ಟು ಒಂದೆರಡು ದಿನ ನೆನೆಯಲು ಬಿಡಬೇಕು. ನೆನೆಯದ ಕಡಲೆ ಬೇಯುವುದುಂಟೇ? ಆಮೇಲೆ ನಿಧಾನವಾಗಿ ತಿರುಗಿಸಿದರೆ ಎಷ್ಟೋ ಎಂಜಿನ್‌ಗಳು ಬಿಟ್ಟುಕೊಳ್ಳುತ್ತವೆ.

ಸ್ಟಾರ್ಟ್ ಆದ ಮೇಲೆ ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದು, ಗೇರಿನ ಎಣ್ಣೆ ಕಡಿಮೆಯಾಗುತ್ತಿದ್ದರೆ ಒಳಗಿನ ಆಯಿಲ್ ಸೀಲ್ ಹೋಗಿದೆ ಎಂದು ಅರ್ಥ. ಅದು ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ, ವಯಸ್ಸಾದರೆ ಗಡಸಾಗಿ ಸೋರುತ್ತದೆ. ಸೀಲಿನ ಬೆಲೆ ಕಡಿಮೆ, ಆದರೆ ಅದನ್ನು ಬದಲಾಯಿಸಲು ಎಂಜಿನ್ ಬಿಚ್ಚಬೇಕಾದ್ದರಿಂದ ಕೂಲಿ ಹೆಚ್ಚು. ಆದ್ದರಿಂದ ಒಮ್ಮೆ ಬಿಚ್ಚಿದಾಗ ಎಲ್ಲ ಸೀಲುಗಳನ್ನೂ ಸವೆದ ಬೇರಿಂಗುಗಳನ್ನೂ ಒಟ್ಟಿಗೇ ಬದಲಾಯಿಸಿಬಿಡುವುದು ಜಾಣತನ. ಸಿಲಿಂಡರ್ ಸವೆದಿದ್ದರೆ ಲೇತ್‌ನವರು ಅದನ್ನು ಕೊಂಚ ಅಗಲ ಕೊರೆದು ದೊಡ್ಡ ಅಳತೆಯ ಪಿಸ್ಟನ್ ಕೂರಿಸುತ್ತಾರೆ. ಪಿಸ್ಟನ್ ಕೈಗೆ ಬಂದು, ಅದರ ಅಳತೆ ನೋಡಿದ ಮೇಲೆಯೇ ಸಿಲಿಂಡರ್ ಕೊರೆಸಬೇಕು. ರವಿಕೆಯ ಬಟ್ಟೆ ನೋಡದೆ ದರ್ಜಿ ಕತ್ತರಿ ಹಾಕುವುದಿಲ್ಲವಲ್ಲ!

ಬಿಡಿಭಾಗ ಎಲ್ಲಿ ಸಿಗುತ್ತೆ?

ಕಾರ್ಖಾನೆಯೇ ಮುಚ್ಚಿರುವಾಗ ಭಾಗಗಳು ಎಲ್ಲಿಂದ ಬರಬೇಕು ಎಂದು ಕೇಳುತ್ತೀರಾ? ಒಂದು ವಿಷಯ ಮೊದಲೇ ತಿಳಿದಿರಲಿ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಪೇಟೆಗೆ ಬಂದವು. ಆದರೆ ಆ ಹೊಸ ಗಾಡಿಗಳು ಫೋರ್ ಸ್ಟ್ರೋಕ್, ನೀರಿನಿಂದ ತಂಪಾಗುವ ಎಂಜಿನ್ ಉಳ್ಳವು. ಹೆಸರು ಒಂದೇ, ಒಡಲು ಬೇರೆ. ಅವುಗಳ ಎಂಜಿನ್ ಭಾಗ ನಿಮ್ಮ ಗಾಡಿಗೆ ಕೂರುವುದಿಲ್ಲ.

ಹಳೆಯದಕ್ಕೆ ಮೂರು ದಾರಿಗಳಿವೆ. ಒಂದು, ಹಳೇ ಅಂಗಡಿಗಳ ಅಟ್ಟದ ಮೇಲೆ ಉಳಿದ ಅಂದಿನ ಅಸಲಿ ಭಾಗಗಳು. ಎರಡು, ಈಗಲೂ ಸಣ್ಣ ತಯಾರಕರು ಮಾಡುವ ಹೊಸ ನಕಲು ಭಾಗಗಳು. ಮೂರು, ಬಿಚ್ಚಿದ ಗಾಡಿಗಳಿಂದ ತೆಗೆದವು. ಮೈಸೂರಿನ ಹಳೇ ಮೆಕ್ಯಾನಿಕ್ಕರ ಬಳಿ ಮೊದಲು ವಿಚಾರಿಸಿ. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಕರೋಲ್ ಬಾಗ್ ವಾಹನಗಳ ಭಾಗಕ್ಕೆ ಹೆಸರಾದ ಪೇಟೆಗಳು. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನವೆಂದು ಈ ಗಾಡಿಯವರು ಸೇರುತ್ತಾರೆ. ಒಳ್ಳೆಯ ಮೆಕ್ಯಾನಿಕ್ ಯಾರು, ಯಾವ ನಕಲು ಬಾಳಿಕೆ ಬರುತ್ತದೆ ಎಂಬುದು ಅಲ್ಲಿ ಬಾಯಿಮಾತಿನಲ್ಲೇ ತಿಳಿಯುತ್ತದೆ.

ಸೀರೆಗೆ ಮ್ಯಾಚಿಂಗ್ ರವಿಕೆ ಕಣ ತರಲು ಹೋಗುವಾಗ ಸೀರೆಯನ್ನೇ ಒಯ್ಯುತ್ತೀರಲ್ಲ, ಹಾಗೆಯೇ ಹಳೇ ಭಾಗವನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಬೇಕು. ಜಾವಾ, ಯೆಜ್ಡಿ, ರೋಡ್‌ಕಿಂಗ್ ನೋಡಲು ಅಕ್ಕತಂಗಿಯರಂತಿದ್ದರೂ ಎಲ್ಲ ಭಾಗಗಳೂ ಒಂದಕ್ಕೊಂದು ಹೊಂದುವುದಿಲ್ಲ.

ಇನ್ನೊಂದು ಉಳಿತಾಯದ ಗುಟ್ಟು. ಬೇರಿಂಗಿನ ಅಂಚಿನಲ್ಲಿ ಒಂದು ಸಂಖ್ಯೆ ಇರುತ್ತದೆ. ಆಯಿಲ್ ಸೀಲಿಗೆ ಒಳಸುತ್ತು, ಹೊರಸುತ್ತು, ದಪ್ಪ ಎಂದು ಮೂರು ಅಳತೆ. ಇವನ್ನು ಬರೆದುಕೊಂಡು ಹೋದರೆ "ಯೆಜ್ಡಿಯದ್ದು" ಎಂಬ ಹೆಸರಿಗೆ ಹೆಚ್ಚು ಬೆಲೆ ತೆರದೆ ಜಿಲ್ಲಾಕೇಂದ್ರದ ಬೇರಿಂಗ್ ಅಂಗಡಿಯಲ್ಲೇ ಒಳ್ಳೆಯ ಕಂಪನಿಯ ಮಾಲು ಬಹುಪಾಲು ಸಿಕ್ಕೀತು.

ಹಣದ ಡಬ್ಬಿಗೆ ಕಾವಲು

ಮನೆಯ ಹುಡುಗರು ಮೊದಲು ಕೇಳುವುದು ಬಣ್ಣ ಮತ್ತು ಕ್ರೋಮಿಯಂ. ನೀವು ಕೊನೆಗೆ ಕೊಡಬೇಕಾದ್ದೂ ಅದಕ್ಕೇ! ಮೊದಲು ಬ್ರೇಕು, ಟೈರು, ಕೇಬಲ್ಲು, ವೈರಿಂಗು. ಆಮೇಲೆ ಎಂಜಿನ್. ಬಣ್ಣ ಕಡೆಗೆ. ನಿಲ್ಲಲು ಬಾರದ ಗಾಡಿ ಎಷ್ಟು ಹೊಳೆದರೇನು?

ಮೆಕ್ಯಾನಿಕ್‌ಗೆ ಗಾಡಿ ಒಪ್ಪಿಸುವಾಗ ನಾಲ್ಕು ಕಡೆಯಿಂದ ಫೋಟೋ ತೆಗೆಸಿ. ಅಂದಾಜು ಪಟ್ಟಿಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಹಣವನ್ನು ಒಂದೇ ಗಂಟಿನಲ್ಲಿ ಕೊಡದೆ, ಕೆಲಸ ಮುಗಿದಷ್ಟಕ್ಕೆ ಕಂತಿನಲ್ಲಿ ಕೊಡಿ. ಬಿಚ್ಚಿದ ಹಳೇ ಭಾಗಗಳನ್ನೆಲ್ಲ ವಾಪಸ್ ಕೇಳಿ ಪಡೆಯಿರಿ. ಹಳೇ ಲಾಂಛನ, ಹೆಡ್‌ಲೈಟ್ ಬಳೆ, ಟೂಲ್ ಬಾಕ್ಸಿನ ಮುಚ್ಚಳ ಇವೆಲ್ಲ ಮತ್ತೆ ಸಿಗುವುದು ಕಷ್ಟ. ಸೊಟ್ಟಗಿದ್ದರೂ ಎಸೆಯಬೇಡಿ.

ಹಿತ್ತಲಲ್ಲಿ ಕೆಲಸ ನಡೆಯುವಾಗ

ಪೆಟ್ರೋಲ್ ಡಬ್ಬಿ ಅಡಿಗೆಮನೆಯ ಹತ್ತಿರ ಸುಳಿಯಲೂ ಬಾರದು. ಅದರ ಆವಿ ನೆಲದ ಮೇಲೆ ಹರಿದು ದೂರದ ಒಲೆಯ ಕಿಡಿಯನ್ನೂ ಮುಟ್ಟಬಲ್ಲದು. ಸೈಲೆನ್ಸರಿನ ಒಳಕೊಳವೆಯ ಮಸಿ ಬಿಡಿಸಲು ಕಾಸ್ಟಿಕ್ ಸೋಡಾ ಬಳಸುತ್ತಾರೆ. ಅದು ಕಬ್ಬಿಣಕ್ಕೆ ಸರಿ, ಅಲ್ಯೂಮಿನಿಯಂ ಭಾಗವನ್ನು ತಿಂದುಹಾಕುತ್ತದೆ. ಕೈಗವಸು ಬೇಕೇ ಬೇಕು, ಮಕ್ಕಳನ್ನು ದೂರವಿಡಿ. ಹಳೇ ಬ್ರೇಕ್ ಪಟ್ಟಿಗಳಲ್ಲಿ ಆಸ್‌ಬೆಸ್ಟಾಸ್ ಇರುವ ಸಂಭವ ಹೆಚ್ಚು. ಆ ಧೂಳು ಶ್ವಾಸಕೋಶಕ್ಕೆ ವಿಷ. ಊದಬೇಡಿ, ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಕಟ್ಟಿ ಎಸೆಯಿರಿ.

ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ಹಳೇ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ಆದ್ದರಿಂದ ಪೆಟ್ರೋಲ್ ಪೈಪು, ವಾಷರುಗಳನ್ನು ಹೊಸದಾಗಿ ಹಾಕಿಸಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕ್ ಖಾಲಿ ಮಾಡಿಸಿಡಿ.

ಬೇಡವೆಂದರೂ ತಪ್ಪಿಲ್ಲ

ಚೌಕಟ್ಟೇ ತುಕ್ಕಿನಿಂದ ತೂತಾಗಿದ್ದರೆ, ಕಾಗದ ಸಿಗದೇ ಹೋದರೆ, ಅಥವಾ ಮಗಳ ಕಾಲೇಜು ಫೀಸಿನ ಹಣ ಮುಟ್ಟಬೇಕಾಗಿ ಬಂದರೆ, "ಈಗ ಬೇಡ" ಎನ್ನಿ. ಅದರಲ್ಲಿ ನಾಚಿಕೆಯಿಲ್ಲ, ಹೋದವರಿಗೆ ಅಗೌರವವೂ ಇಲ್ಲ. ಒಣಗಿದ ಜಾಗದಲ್ಲಿ ಎಣ್ಣೆ ಸವರಿ ಇಟ್ಟರೆ ಇನ್ನೂ ನಾಲ್ಕು ವರ್ಷ ಕಾಯುತ್ತದೆ. ಕೊಡುವುದಾದರೆ ಗುಜರಿಯ ತೂಕಕ್ಕಲ್ಲ, ಈ ಗಾಡಿಯನ್ನು ಪ್ರೀತಿಸುವವರಿಗೆ ಕೊಡಿ. ಬೆಲೆಯೂ ಹೆಚ್ಚು ಸಿಗುತ್ತದೆ. ಆದರೆ ಹೆಸರು ವರ್ಗಾವಣೆ ಆಗುವವರೆಗೂ ಬಿಡಬೇಡಿ. ದಾಖಲೆಯಲ್ಲಿ ನಿಮ್ಮ ಹೆಸರೇ ಉಳಿದರೆ, ನಾಳೆ ಅಪಘಾತವಾದಾಗ ನೋಟಿಸು ಬರುವುದು ನಿಮ್ಮ ಮನೆಬಾಗಿಲಿಗೆ. ಗುಜರಿಗೇ ಹಾಕುವುದಾದರೂ 2021ರ ನಿಯಮಗಳಂತೆ ನೋಂದಾಯಿತ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆದು, ನೋಂದಣಿ ರದ್ದು ಮಾಡಿಸಿ.

ಗಾಡಿ ಸಿದ್ಧವಾದರೆ ಮೊದಲ ದಿನವೇ ಲಡಾಖ್ ಅಲ್ಲ! ಹೊಸ ಪಿಸ್ಟನ್ ಪಳಗುವವರೆಗೆ ಹತ್ತಿರದ ಊರುಗಳಿಗೆ ನಿಧಾನವಾಗಿ ಓಡಿಸಲಿ. ಪ್ರತಿ ಸಲ ಬಂದಮೇಲೆ ನಟ್ಟುಬೋಲ್ಟು ಬಿಗಿ ನೋಡಲಿ. ಹಿಂದೆ ಕೂರುವವರು ನೀವಾದರೆ ಇನ್ನೆರಡು ಮಾತು. ಹಿಂದಿನ ಚಕ್ರದ ಸೀರೆ ಗಾರ್ಡನ್ನು ಅಂದಕ್ಕಾಗಿ ತೆಗೆಯಲು ಬಿಡಬೇಡಿ; 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಅದು ಇರಬೇಕೆನ್ನುತ್ತದೆ. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ ಮೇಲೆಯೇ "ಹೂಂ, ಹೊರಡಿ" ಎನ್ನಿ.