ಗಂಧ ಆರದ ಜಾಗ

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ಹಾದಿಯಲ್ಲಿ ಸುಮಾರು 30 ಕಿಲೋಮೀಟರು ಸಾಗಿದ ಮೇಲೆ, ತುಂಗೆಯು ರಸ್ತೆಯ ಮಗ್ಗುಲಿಗೇ ಬಂದು ಹರಿಯುವ ಎಡೆಯಲ್ಲಿ ನಮ್ಮ ಮಂಡಗದ್ದೆಯಿದೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬಿ ಬಂದಾಗ ನಡುಗಡ್ಡೆಯ ಮರಗಳು ನೀರಿನಲ್ಲಿಯೇ ನಿಂತು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಸಂಸಾರಭಾರವನ್ನು ಕೊಂಬೆಕೊಂಬೆಗಳಲ್ಲಿ ಹೊತ್ತಿರುವ ದೃಶ್ಯವನ್ನು ಕಾಣಲೆಂದು ದೂರದೂರದಿಂದ ಜನ ಬರುತ್ತಾರೆ. ಬಂದವರು ವೀಕ್ಷಣಾಗೋಪುರವನ್ನೇರಿ ಸುಮ್ಮನೆ ನೋಡಿ ಹೋಗುವರೆ? ಆ ಗೂಡು ಓರೆಯಾಯಿತೆಂದು ಒಬ್ಬರು, ಇಷ್ಟು ಒತ್ತೊತ್ತಾಗಿ ಕಟ್ಟಬಾರದಿತ್ತೆಂದು ಮತ್ತೊಬ್ಬರು ಅಭಿಪ್ರಾಯ ಕೊಟ್ಟೇ ಇಳಿಯುತ್ತಾರೆ. ಹಕ್ಕಿಗಳು ಕಿವಿಗೊಡುವುದಿಲ್ಲ. ತಾನು ಕಟ್ಟಿದ ಗೂಡಿನಲ್ಲಿ ತಾನೇ ವಾಸಿಸುವ ಜೀವಿಗೆ ಆ ಸ್ವಾತಂತ್ರ್ಯ ಸಲ್ಲುತ್ತದೆ. ಪರರು ವಾಸಿಸಬೇಕಾದ, ಪರರು ಹಂಚಬೇಕಾದ, ಪರರ ಹೆಸರನ್ನು ಹೊತ್ತು ಊರೂರು ತಿರುಗಬೇಕಾದ ವಸ್ತುವನ್ನು ರೂಪಿಸುವ ವಿನ್ಯಾಸಕಾರನಿಗೆ ಅದಿಲ್ಲ.

ಈ ವಿಚಾರವು ನನ್ನ ತಲೆಯನ್ನು ಹೊಕ್ಕದ್ದು ನಮ್ಮ ನೆರೆಮನೆಯ ತರುಣಿಯ ದೆಸೆಯಿಂದ. ಬೆಂಗಳೂರಿನಲ್ಲಿ ವಿನ್ಯಾಸಕಲೆಯನ್ನು ಕಲಿತು, ಕೆಲವು ಕಾಲ ಅಲ್ಲಿಯೇ ದುಡಿದು, ಈಗ ತವರಿನ ಉಪ್ಪರಿಗೆಯಲ್ಲಿ ಕಂಪ್ಯೂಟರನ್ನಿಟ್ಟುಕೊಂಡಿರುವ ಆಕೆ, ಕರೆಂಟೂ ನೆಟ್‌ವರ್ಕೂ ಏಕಕಾಲದಲ್ಲಿ ಪ್ರಸನ್ನವಾಗುವ ವಿರಳ ಮುಹೂರ್ತಗಳಲ್ಲಿ ರಾಜಧಾನಿಯ ಅಂಗಡಿಗಳಿಗೆ ಲಾಂಛನಗಳನ್ನೂ, ಸುತ್ತಮುತ್ತಲ ಮನೆಗಳಿಗೆ ಲಗ್ನಪತ್ರಿಕೆಗಳನ್ನೂ ರಚಿಸಿಕೊಡುತ್ತಾಳೆ. ಕಳೆದ ಮಾಘದಲ್ಲಿ ಕೇರಿಯ ಹಿರಿಯರೊಬ್ಬರ ಮೊಮ್ಮಗಳ ಮದುವೆಯ ಪತ್ರಿಕೆ ಅವಳ ಕೈಗೆ ಬಂತು. ಶುಭ್ರಶ್ವೇತವಾದ ನುಣುಪು ಕಾಗದ, ನಡುವೆ ಬೂದುಬಣ್ಣದ ಸಣ್ಣಕ್ಷರಗಳು, ಸುತ್ತಲೂ ಧಾರಾಳವಾದ ತೆರಪು. ನನಗೇನೋ ಅದು ಶಿಷ್ಟವಾಗಿಯೇ ಕಂಡಿತು. ಹಿರಿಯರು ಅದನ್ನು ತೋಳಿನಳತೆಯ ದೂರದಲ್ಲಿ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, "ಎಂತ ಮಾರಾಯ್ತಿ ಇದು! ವೈಕುಂಠ ಸಮಾರಾಧನೆ ಕಾಗದದ ಹಾಗೆ ಕಾಣ್ತದಲ್ಲ" ಎಂದರು.

ನಾನು ಅಲ್ಲಿಯೇ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕುಳಿತಿದ್ದೆ. ಹುಡುಗಿಯ ಮುಖ ಬಾಡಿತು. ಹತ್ತು ದಿನಗಳ ದುಡಿಮೆಗೆ ಇಂಥ ಪ್ರಶಸ್ತಿ ಲಭಿಸಿದಾಗ ಮನುಷ್ಯಸಹಜವಾದ ಮಾರ್ಗ ಎರಡೇ: ಒಂದೋ ಶಾಸ್ತ್ರವನ್ನು ಹೇಳಿ ಎದುರಿನವನ ಅರಸಿಕತೆಯನ್ನು ಅವನಿಗೇ ಮನಗಾಣಿಸಹೊರಡುವುದು, ಇಲ್ಲವೆ ಸೋತು ಸುಣ್ಣವಾಗಿ "ನೀವು ಹೇಳಿದ ಹಾಗೆ ಮಾಡ್ತೇನೆ" ಎಂದು ಅವನು ಬಯಸಿದ ಬಾಳೆಕಂಬ, ಗಿಳಿ, ಗುಲಾಬಿಗಳನ್ನೆಲ್ಲ ತುರುಕಿ ಕೈತೊಳೆದುಕೊಳ್ಳುವುದು. ಅವಳು ಎರಡನ್ನೂ ಮಾಡಲಿಲ್ಲ. ಕ್ಷಣಕಾಲ ಸುಮ್ಮನಿದ್ದು, "ಅಜ್ಜಯ್ಯ, ನೋಡಿದ ಕೂಡಲೇ ಹಾಗೆ ಕಂಡಿತೋ, ಓದಿದ ಮೇಲೋ?" ಎಂದು ಕೇಳಿದಳು.

"ಓದೂದು ಎಲ್ಲಿ ಬಂತು? ಕನ್ನಡಕ ಹಾಕಿದ್ರೂ ಇರುವೆ ಸಾಲು. ಮೇಲೆ ಒಂದು ಶ್ರೀಕಾರ ಇಲ್ಲ. ನಾಕು ಮೂಲೆಗೆ ಅರಿಶಿನ ಹಚ್ಚುವಾ ಅಂದ್ರೆ ಈ ಕಾಗದಕ್ಕೆ ಹಿಡಿಯೂದೂ ಇಲ್ಲ. ನೀನು ಒಂದು ಕೆಲಸ ಮಾಡು, ನಾಕೈದು ಬಣ್ಣ ಹಾಕಿ, ದೊಡ್ಡ ಗಣಪತಿ ಕೂರಿಸು."

ಇಲ್ಲಿ ಗಮನಿಸಬೇಕಾದದ್ದು, ಹಿರಿಯರು ಆಡಿದ ಮಾತಿನಲ್ಲಿ ಎರಡು ಜಾತಿಯ ಸಂಗತಿಗಳು ಹೆಣೆದುಕೊಂಡಿವೆ. ಅಕ್ಷರ ಕಾಣದು, ಶ್ರೀಕಾರವಿಲ್ಲ, ಅರಿಶಿನ ಹಿಡಿಯದು ಎಂಬವು ಕೊರತೆಗಳು. ಬಣ್ಣ ಹಾಕು, ಗಣಪತಿಯನ್ನು ಕೂರಿಸು ಎಂಬವು ಆ ಕೊರತೆಗಳಿಗೆ ಅವರೇ ಊಹಿಸಿಕೊಂಡ ಪರಿಹಾರಗಳು. ಮೊದಲನೆಯದನ್ನು ಹೇಳುವ ಸಂಪೂರ್ಣ ಅಧಿಕಾರ ಅವರದು. ಎರಡನೆಯದನ್ನು ಕಂಡುಹಿಡಿಯಲೆಂದೇ ಅವರು ಹಣ ಕೊಟ್ಟು ಹುಡುಗಿಯನ್ನು ನೇಮಿಸಿದ್ದು. ಕೆಲಸ ಕೊಟ್ಟವರ ಅಭಿಪ್ರಾಯವನ್ನು ಸ್ವೀಕರಿಸುವ ವಿದ್ಯೆಯ ಬಹುಭಾಗ ಈ ಎಳೆಗಳನ್ನು ಬಿಡಿಸಿಕೊಳ್ಳುವುದರಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಈ ವಿಷಯದಲ್ಲಿ ಕನ್ನಡನಾಡಿಗೆ ತನ್ನದೇ ಆದ ಒಂದು ಪುರಾತನ ಐತಿಹ್ಯವಿದೆ. ಆದರೆ ನಾವು ಅದನ್ನು ಮಕ್ಕಳಿಗೆ ಹೇಳುವಾಗ ಕಥೆಯ ಸಾರವನ್ನು ಬಿಟ್ಟು ರಕ್ತವನ್ನು ಮಾತ್ರ ಹೇಳುತ್ತೇವೆ. ಬೇಲೂರಿನಲ್ಲಿ ಜಕಣಾಚಾರಿ ಕಡೆದ ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ಅಪರಿಚಿತನಾದ ತರುಣನೊಬ್ಬ ಹೇಳಿದ. ಹಾಗಿದ್ದರೆ ನನ್ನ ಬಲಗೈಯನ್ನೇ ಕತ್ತರಿಸಿಕೊಳ್ಳುತ್ತೇನೆಂದು ಆಚಾರಿ ಶಪಥಗೈದ. ವಿಗ್ರಹಕ್ಕೆ ಗಂಧವನ್ನು ಲೇಪಿಸಿದರು. ಎಲ್ಲೆಡೆಯೂ ಆರಿದ ಗಂಧ ಹೊಕ್ಕುಳ ಬಳಿ ಮಾತ್ರ ಆರಲಿಲ್ಲ. ಅಲ್ಲಿ ಬಗೆದಾಗ ನೀರೂ ಕಪ್ಪೆಯೂ ಹೊರಬಂದವು. ಆಚಾರಿ ನುಡಿದಂತೆ ನಡೆದ. ಆ ತರುಣ ಅವನ ಮಗನೇ ಆದ ಡಂಕಣನೆಂದು ಅನಂತರ ತಿಳಿಯಿತು. ಕಪ್ಪೆ ಚೆನ್ನಿಗರಾಯನ ಗುಡಿಯನ್ನು ತೋರಿಸುವವರೆಲ್ಲರೂ ಕೈ ಕತ್ತರಿಸಿದ ಪ್ರಸಂಗವನ್ನೇ ಭಾವುಕರಾಗಿ ವರ್ಣಿಸುತ್ತಾರೆ. ನನಗೆ ಮುಖ್ಯವೆನಿಸುವುದು ಆ ಗಂಧ. ತರುಣನು ಹೇಳಿದ್ದು ಸರಿಯೋ ತಪ್ಪೋ ಎಂಬುದನ್ನು ಅವನ ವಯಸ್ಸಿನಿಂದಾಗಲಿ, ಆಚಾರಿಯ ಕೀರ್ತಿಯಿಂದಾಗಲಿ ನಿರ್ಣಯಿಸದೆ, ಕಲ್ಲಿಗೆ ಲೇಪ ಹಚ್ಚಿ, ಎಲ್ಲಿ ಆರುವುದಿಲ್ಲವೆಂದು ಕಾದು ನೋಡಿದರಲ್ಲ, ಅದಕ್ಕಿಂತ ಹೆಚ್ಚಿನ ವೃತ್ತಿಧರ್ಮ ಯಾವುದು? ಶಪಥವೊಂದು ಅನವಶ್ಯಕವಾಗಿತ್ತು. ಶಿಲೆಯ ದೋಷವನ್ನು ತನ್ನ ದೋಷವೆಂದು ಭಾವಿಸಿದ್ದರಿಂದ ಒಂದು ಒಳ್ಳೆಯ ಕೈ ಹೋಯಿತು. ಅದು ತುಮಕೂರಿನ ಬಳಿಯ ಕೈದಾಳದಲ್ಲಿ ದೈವಕೃಪೆಯಿಂದ ಮರಳಿ ಬಂತೆನ್ನುತ್ತಾರೆ. ನಮ್ಮ ಕಾಲದ ವಿನ್ಯಾಸಕಾರರು ಅಂಥ ಭರವಸೆಯನ್ನಿಟ್ಟುಕೊಳ್ಳಲಾಗದು.

ಜಕಣಾಚಾರಿ ಐತಿಹ್ಯದ ಪುರುಷ. ಆದರೆ 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವಾಲಯದ ಮದನಿಕೆಗಳ ಪೀಠದಲ್ಲಿ ನಿಜವಾಗಿಯೂ ತಮ್ಮ ಹೆಸರು ಕೆತ್ತಿರುವ ರೂವಾರಿಗಳಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ನಮ್ಮ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯವರು. ಪ್ರತಿಸ್ಪರ್ಧಿಗಳನ್ನು ಮೆಟ್ಟುವ ಬಿರುದುಗಳನ್ನು ಹೆಸರಿನೊಡನೆ ಕೆತ್ತಿಕೊಂಡ ಈ ಜನ ವಿನಯದ ಮೂರ್ತಿಗಳಾಗಿದ್ದರೆಂದು ಹೇಳಲಾಗದು. ಕೈಯಲ್ಲಿ ಕಸುಬಿದ್ದವನಿಗೆ ಅಭಿಮಾನವಿರುವುದು ಸಹಜ, ಇರಲಿ.

ಆ ಅಭಿಮಾನವನ್ನು ಬಿಡದೆಯೇ ಕೆಲಸ ಕೊಟ್ಟವನಿಗೆ ಒಪ್ಪುವಂತೆ ದುಡಿಯುವ ಬಗೆಯನ್ನು ಕಾಣಲು ಸಾಗರ, ಸೊರಬದ ಗುಡಿಗಾರರ ಕಡೆಗೆ ಹೊರಳೋಣ. ಶ್ರೀಗಂಧದಲ್ಲಿಯೂ ಹಿಂದೆ ದಂತದಲ್ಲಿಯೂ ಸೂಕ್ಷ್ಮವಾಗಿ ಕೆತ್ತುತ್ತ ಬಂದ, ಮದುವೆಗಳಿಗೆ ಬೆಂಡಿನ ಬಾಸಿಂಗ ಕಟ್ಟಿಕೊಡುವ ಈ ಮನೆತನಗಳ ಕೆಲಸವನ್ನು ಬಿ. ಎಲ್. ರೈಸ್ ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಬಹಳ ಮೆಚ್ಚಿ ಬರೆದಿದ್ದಾರೆ. ಗುಡಿಗಾರರ ಪೆಟ್ಟಿಗೆಯ ಮೇಲ್ಮೈಯಲ್ಲಿ ಬಳ್ಳಿ, ಎಲೆ, ದೇವತೆ, ಮೃಗಗಳು ಒಂದರೊಳಗೊಂದು ಸೇರಿ, ಉಳಿ ತಾಕದ ಕಿಂಚಿತ್ ಸ್ಥಳವೂ ಉಳಿದಿರುವುದಿಲ್ಲವೆಂದೂ, ಒಂದು ಮೇಜಿನ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆಂದೂ, ಈ ಸೂಕ್ಷ್ಮ ಶ್ರಮದಿಂದ ಅವರ ಕಣ್ಣು ಬೇಗನೆ ಮಂದವಾಗುವುದೆಂಬ ಮಾತಿದೆಯೆಂದೂ, ಯುರೋಪಿನ ನಮೂನೆಗಳನ್ನು ಕೊಟ್ಟರೆ ಅವನ್ನೂ ಲೋಪವಿಲ್ಲದೆ ಅನುಕರಿಸಬಲ್ಲರೆಂದೂ ಅಲ್ಲಿ ಹೇಳಿದೆ. ಸಾಹೇಬನ ನಮೂನೆಯನ್ನು ಸಾಹೇಬನಿಗೆ ಒಪ್ಪುವಂತೆ, ಮಠದ ಮಂಟಪವನ್ನು ಮಠಕ್ಕೆ ಒಪ್ಪುವಂತೆ ಕೆತ್ತಿದರೂ ಕೈ ಮಾತ್ರ ಗುಡಿಗಾರನದೇ. ಗಂಧದ ಮರ ಬೆಲೆಯುಳ್ಳದ್ದು. ಒಮ್ಮೆ ಉಳಿ ಇಳಿದರೆ ಹಿಂದಕ್ಕೆ ಬಾರದು. ಆದಕಾರಣ ಕೆತ್ತನೆಗೆ ಮೊದಲೇ ಬರೆದು ತೋರಿಸಿ, ಕೆಲಸ ಕೊಟ್ಟವನ ಬಾಯಿಂದ ಹೂಂ ಅನ್ನಿಸಿಕೊಳ್ಳುವುದು ಅಲ್ಲಿ ಸೌಜನ್ಯವಷ್ಟೇ ಅಲ್ಲ, ಆತ್ಮರಕ್ಷಣೆ. ಕಂಪ್ಯೂಟರಿನಲ್ಲಿ ಎಷ್ಟು ಬಾರಿ ಬೇಕಾದರೂ ಅಳಿಸಬಹುದಾದ್ದರಿಂದ ಈ ಭಯ ಇಂದಿನವರಿಗೆ ತಪ್ಪಿತು. ತಪ್ಪಿದ್ದರಿಂದಲೇ ಪೂರ್ತಿ ಅಲಂಕರಿಸಿ ಮುಗಿಸಿದ ಕೆಲಸವನ್ನು ಮೊದಲ ಬಾರಿಗೆ ತೋರಿಸುವ ಚಾಳಿ ಬೆಳೆಯಿತು.

ಗುಡಿಗಾರರ ಪೆಟ್ಟಿಗೆಯನ್ನು ನೆನೆದಾಗ ನನಗೆ ಇನ್ನೊಂದು ಸಂಗತಿಯೂ ಸ್ಪಷ್ಟವಾಯಿತು. ವಿನ್ಯಾಸಕಾರರು ಅತ್ಯಂತ ಹೆಚ್ಚಾಗಿ ಕೇಳುವ, ಕೇಳಿ ಹಲ್ಲುಕಡಿಯುವ ಮಾತೆಂದರೆ "ಇಲ್ಲಿ ಜಾಗ ಖಾಲಿ ಬಿಟ್ಟಿದ್ದೀರಲ್ಲ" ಎಂಬುದು. ತೆರಪೇ ಸೌಂದರ್ಯವೆಂದು ಶಾಲೆಯಲ್ಲಿ ಕಲಿತವರಿಗೆ ಇದು ಮೌಢ್ಯವೆನಿಸುತ್ತದೆ. ಆದರೆ ತುಂಬಿದ್ದೇ ಮಂಗಳ, ಬರಿದಾದದ್ದು ಅಶುಭ ಎಂಬ ಭಾವನೆ ಗಂಧದ ಪೆಟ್ಟಿಗೆಯನ್ನು ಕಂಡು ಬೆಳೆದ ಕಣ್ಣಿಗೆ ಸಹಜವಾಗಿ ಬಂದದ್ದು. ಅದು ಅಭಿರುಚಿಯ ಅಭಾವವಲ್ಲ, ಬೇರೊಂದು ಅಭಿರುಚಿ. ಇಷ್ಟು ತಿಳಿದರೆ ಸಿಟ್ಟು ಅರ್ಧ ಇಳಿಯುತ್ತದೆ.

ನಮ್ಮ ಹುಡುಗಿ ಹಿಡಿದ ದಾರಿ ಇದು: ನುಣುಪು ಕಾಗದವನ್ನು ಬಿಟ್ಟು ಅರಿಶಿನ ಹೀರುವ ಒರಟು ಕಾಗದವನ್ನು ತಂದಳು, ಅಕ್ಷರವನ್ನು ಹಿರಿದು ಮಾಡಿದಳು, ಶ್ರೀಕಾರವನ್ನಿಟ್ಟಳು, ಸಾಗರ, ಹೊಸನಗರ ಸೀಮೆಯ ದೀವರ ಮನೆಗಳಲ್ಲಿ ಮದುವೆಗೆ ಹಸೆಗೋಡೆಯ ಮೇಲೆ ಹೆಂಗಸರು ಬರೆಯುವ ಚಿತ್ತಾರವನ್ನು ನೆನೆದು, ಅಂಚಿಗೆ ಕೆಮ್ಮಣ್ಣಿನ ಬಣ್ಣವನ್ನು ಬಳಿದು ಅದರೊಳಗೆ ಬಿಳಿಯ ಗೆರೆಗಳನ್ನೆಳೆದಳು. ಗಣಪತಿ ಬರಲಿಲ್ಲ; ನಾಲ್ಕೈದು ಬಣ್ಣವೂ ಬರಲಿಲ್ಲ. ಹಿರಿಯರಿಗೆ ಅವುಗಳ ನೆನಪೇ ಆಗಲಿಲ್ಲ.

ಎಲ್ಲ ಗಿರಾಕಿಗಳೂ ಇಷ್ಟು ಸಣ್ಣ ಬದಲಾವಣೆಗೆ ತೃಪ್ತರಾಗುವರೆಂದು ಭ್ರಮಿಸಬೇಡಿ. ಕರ್ನಾಟಕವು ಕಂಡ ಅತಿದೊಡ್ಡ ಕರೆಕ್ಷನ್ನೆಂದರೆ ವಿಧಾನಸೌಧದ್ದೇ ಇರಬೇಕು. 1951ರ ಜುಲೈ 13ರಂದು ನೆಹರೂ ಅವರು ಶಂಕುಸ್ಥಾಪನೆ ನೆರವೇರಿಸಿದಾಗ ಕೆ. ಸಿ. ರೆಡ್ಡಿಯವರ ಸರಕಾರದ ಮುಂದಿದ್ದುದು ಸರಳವಾದ, ಪಾಶ್ಚಾತ್ಯ ಶೈಲಿಯ ಕಟ್ಟಡದ ನಕ್ಷೆ. ಮರುವರ್ಷ ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯನವರು, ರಷ್ಯದಿಂದ ಬಂದ ನಿಯೋಗವೊಂದಕ್ಕೆ ಬೆಂಗಳೂರನ್ನು ತೋರಿಸುವಾಗ, ನಿಮಗೆ ನಿಮ್ಮದೇ ಆದ ವಾಸ್ತುಶಿಲ್ಪವಿಲ್ಲವೆ ಎಂಬ ಅರ್ಥದ ಪ್ರಶ್ನೆಯನ್ನು ಕೇಳಿಸಿಕೊಳ್ಳಬೇಕಾಯಿತೆಂದೂ, ಅದು ಮನಸ್ಸಿಗೆ ನಾಟಿತೆಂದೂ ಹೇಳಿಕೊಂಡ ಪ್ರಸಂಗ ಪ್ರಸಿದ್ಧವಾಗಿದೆ. ಪರಿಣಾಮವಾಗಿ, ಸರಕಾರದ ಮುಖ್ಯ ವಾಸ್ತುಶಿಲ್ಪಿಗಳಾಗಿದ್ದ ಬಿ. ಆರ್. ಮಾಣಿಕ್ಯಂ ಅವರು ನಕ್ಷೆಯನ್ನು ಬೃಹತ್ತಾಗಿಸಿ, ಗೋಪುರ, ಕಂಬ, ಕಪೋತಗಳಿಂದ ದ್ರಾವಿಡರೂಪಕ್ಕೆ ತಿರುಗಿಸಬೇಕಾಯಿತು. ಅಸ್ತಿಭಾರದ ಕಲ್ಲು ಬಿದ್ದ ಮೇಲೆ ಬಂದ ಅಭಿಪ್ರಾಯ! 1956ರ ಹೊತ್ತಿಗೆ ಮುಗಿದ ಆ ಸೌಧದ ಸಚಿವಸಂಪುಟದ ಕೊಠಡಿಗೆ ಶ್ರೀಗಂಧದ ಬಾಗಿಲನ್ನಿಟ್ಟಿದ್ದಾರೆ. ವೆಚ್ಚ ಏರಿದ್ದಕ್ಕಾಗಿ ಟೀಕೆ, ವಿಚಾರಣೆಗಳೂ ನಡೆದವು. ಹನುಮಂತಯ್ಯನವರದು "ಏನೋ ಸರಿಯಿಲ್ಲ" ಎಂಬ ಅಸ್ಪಷ್ಟ ಗೊಣಗಾಟವಾಗಿರಲಿಲ್ಲ, ಯಾವುದು ಇಲ್ಲವೆಂಬುದು ಅವರಿಗೆ ತಿಳಿದಿತ್ತು. ಅಂಥ ಗಿರಾಕಿ ಕಠಿನನಾದರೂ ವಾಸಿ. ಆದರೆ ಕೆಲಸದ ಗಾತ್ರ ಬದಲಾದಾಗ ಕಾಲವೂ ಹಣವೂ ಬದಲಾಗುತ್ತವೆಂಬುದನ್ನು ಆ ಕ್ಷಣದಲ್ಲಿಯೇ, ಅಪ್ರಿಯವಾದರೂ, ಕಾಗದದ ಮೇಲೆ ತರುವ ಹೊಣೆ ವಿನ್ಯಾಸಕಾರನದು.

ಅಳತೆಯನ್ನು ಜಗಳಕ್ಕೆ ಮೊದಲೇ ಒಪ್ಪಿಕೊಳ್ಳುವ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಂಬಗಳ ನಡುವಿನ ಅಂತರವನ್ನೇ ತೋಟದ ಭೂಮಿಗೆ ಮಾನವಾಗಿ ಇಟ್ಟುಕೊಂಡಿದ್ದರೆಂದೂ, ಅದು ಹದಿನೆಂಟೂವರೆ ಅಡಿಯೆಂದೂ ರೈಸರ ಗ್ರಂಥದಲ್ಲಿದೆ. ಈ ಸೀಮೆಯನ್ನಾಳಿದ ಶಿವಪ್ಪನಾಯಕನ ಶಿಸ್ತು ಎಂಬ ಕಂದಾಯ ಪದ್ಧತಿಯ ಹೆಸರನ್ನು ಮಲೆನಾಡಿಗರು ಇನ್ನೂ ಮರೆತಿಲ್ಲ. ಕಂದಾಯದ ಬಗೆಗೆ ರೈತನಿಗೂ ಶಾನುಭೋಗನಿಗೂ ಎಷ್ಟೇ ವ್ಯಾಜ್ಯವಿರಲಿ, ಅಳತೆಗೋಲಿನ ಉದ್ದದ ಬಗೆಗೆ ವ್ಯಾಜ್ಯವಿರಲಾಗದು. ಕಂಬಗಳು ಅಲ್ಲಿಯೇ ನಿಂತಿವೆ. ಲಗ್ನಪತ್ರಿಕೆಗಾಗಲಿ ಲಾಂಛನಕ್ಕಾಗಲಿ ಅಂಥ ಒಂದು ಅಳತೆಗೋಲು ಬೇಕು: ಇದು ಯಾರ ಕಣ್ಣಿಗಾಗಿ, ಯಾವ ಉದ್ದೇಶಕ್ಕಾಗಿ, ಎಷ್ಟು ಸಲದ ತಿದ್ದುಪಡಿ ಶುಲ್ಕದೊಳಗೆ ಸೇರಿದೆ, ಮತ್ತು ಮುಖ್ಯವಾಗಿ, ಕೊನೆಯ ಮಾತು ಯಾರದು.

ಈ ಕೊನೆಯದನ್ನು ನಾನು ಅನುಭವದಿಂದ ಬಲ್ಲೆ. ಹಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಸ್ಮರಣಸಂಚಿಕೆಗೆ, ಹೆಸರು ಬೇಡ, ಮುಖಪುಟವನ್ನು ರಚಿಸಿಕೊಡುವ ಕೆಲಸ ನನಗೆ ಬಂದಿತ್ತು. ಅಧ್ಯಕ್ಷರು ನೀಲಿಯೆಂದರು, ಕಾರ್ಯದರ್ಶಿಗಳು ಹಸುರೆಂದರು, ಖಜಾಂಚಿಗಳು ಒಂದೇ ಬಣ್ಣವಾದರೆ ಅಗ್ಗವಲ್ಲವೆ ಎಂದರು, ಯಾವ ಹುದ್ದೆಯೂ ಇಲ್ಲದ ಸದಸ್ಯರೊಬ್ಬರು ತಮ್ಮ ಅಳಿಯನಿಂದ ಬೇರೆಯೇ ಚಿತ್ರವನ್ನು ಬರೆಯಿಸಿ ತಂದರು. ಅವರೆಲ್ಲರನ್ನೂ ಒಂದೆಡೆ ಕೂರಿಸಿ, ನಿಮ್ಮೊಳಗೆ ಒಮ್ಮತವಾದ ಮೇಲೆ ಒಬ್ಬರೇ ಬರೆದು ಕೊಡಿರೆಂದು ಕೇಳುವ ಬುದ್ಧಿ ನನಗಿರಲಿಲ್ಲ. ಎಲ್ಲರನ್ನೂ ಮೆಚ್ಚಿಸಹೊರಟು, ಏಳನೆಯ ಸಲ ತಿದ್ದಿದ ರಾತ್ರಿಯೇ, ಊಟವನ್ನೂ ಮಾಡದೆ, ನಾಲ್ಕು ಪುಟದ ಕಟುವಾದ ಕಾಗದವನ್ನು ಬರೆದು ಬೆಳಗಿನ ಬಸ್ಸಿಗೆ ಕಳುಹಿಸಿದೆ. ಕಾಗದದ ಭಾಷೆ ಚೆನ್ನಾಗಿತ್ತು. ಕೆಲಸ ಅಳಿಯನಿಗೆ ಹೋಯಿತು. ಅಂದಿನಿಂದ ಕೋಪದಲ್ಲಿ ಬರೆದ ಉತ್ತರವನ್ನು ಒಂದು ರಾತ್ರಿ ಮೇಜಿನ ಖಾನೆಯಲ್ಲಿಡುತ್ತೇನೆ. ಬೆಳಿಗ್ಗೆ ಅದರಲ್ಲಿ ಎರಡು ವಾಕ್ಯಗಳಿಗಿಂತ ಹೆಚ್ಚು ಉಳಿದದ್ದಿಲ್ಲ.

ಹಾಗೆಂದು ತಲೆಯಾಡಿಸುವುದೇ ವಿನಯವಲ್ಲ. ವಧುವಿನ ಸೋದರಮಾವನೊಬ್ಬ ಬೆಂಗಳೂರಿನಿಂದ ಫೋನು ಮಾಡಿ, ಮುಹೂರ್ತದ ಸಾಲನ್ನೂ ಕಲ್ಯಾಣಮಂಟಪದ ವಿಳಾಸವನ್ನೂ ಅಲಂಕಾರಾಕ್ಷರದಲ್ಲಿ ಹಾಕೆಂದಾಗ ನಮ್ಮ ಹುಡುಗಿ, "ಮಾವ, ಅದು ಚಂದವೇ. ಆದ್ರೆ ಮಾಳೂರಿನಿಂದ ಬರುವ ಮುದುಕರು ಬಸ್ಸಿನಲ್ಲಿ ಓದಿ ಇಳಿಯಬೇಕಲ್ಲ" ಎಂದಳೇ ಹೊರತು ಟೈಪೋಗ್ರಫಿಯ ಪಾಠ ಹೇಳಲಿಲ್ಲ. ತನ್ನ ಅಭಿಮಾನವನ್ನು ಕಾಯ್ದುಕೊಳ್ಳಲು ಹೇಳಿದ ಬೇಡ ಎಂಬ ಮಾತಿಗೂ, ಪತ್ರಿಕೆಯ ಹಿತಕ್ಕಾಗಿ ಹೇಳಿದ ಬೇಡ ಎಂಬ ಮಾತಿಗೂ ಇರುವ ಅಂತರವನ್ನು ಕೇಳುವವನು ಕೂಡಲೇ ಗುರುತಿಸುತ್ತಾನೆ. ಮಾವ ಒಪ್ಪಿದ.

ಪ್ರೂಫಿನ ಮೇಲೆ ಹಿರಿಯರು ಸಾವಧಾನವಾಗಿ ಕಣ್ಣಾಡಿಸಿ, ಪ್ರತಿಯೊಂದು ಹೆಸರಿನ ಮೇಲೂ ಬೆರಳಿಟ್ಟು ಓದಿ, ಅವಳು ತೋರಿಸಿದ ಜಾಗದಲ್ಲಿ ತಾರೀಖು ಸಮೇತ ರುಜು ಹಾಕಿದರು. ತೀರ್ಥಹಳ್ಳಿಯ ಪ್ರೆಸ್ಸಿನಿಂದ ಐನೂರು ಪ್ರತಿಗಳು ಕಟ್ಟಾಗಿ ಬಂದ ಸಂಜೆ, ಮೂಲೆಗೆ ಅರಿಶಿನ ಹಚ್ಚುತ್ತ ಕುಳಿತವರು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, "ಅಯ್ಯೋ, ಸುಖಾಗಮನ ಬಯಸುವವರಲ್ಲಿ ಚಿಕ್ಕ ಭಾವನ ಹೆಸರೇ ಬಿಟ್ಟುಹೋಗಿದೆಯಲ್ಲ!" ಎಂದರು. ಹುಡುಗಿ ಏನೂ ಹೇಳದೆ ಒಳಗೆ ಹೋಗಿ ರುಜುವಿದ್ದ ಪ್ರೂಫನ್ನು ತಂದು ಅವರ ಮುಂದಿಟ್ಟಳು; ಅದರೊಡನೆ ಸಣ್ಣ ಮೊನೆಯ ಒಂದು ಕೆಂಪು ಪೆನ್ನನ್ನೂ ಇಟ್ಟಳು. ಅವರು ಎರಡನ್ನೂ ನೋಡಿ, ಕನ್ನಡಕವನ್ನು ಒರೆಸಿಕೊಂಡು, ಮೊದಲನೆಯ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡರು. ಐನೂರನೆಯ ಪ್ರತಿಯಲ್ಲಿ ಚಿಕ್ಕ ಭಾವನ ಹೆಸರು ಮುಗಿಯುವಾಗ ಮೂರನೆಯ ದಿನದ ಮಧ್ಯಾಹ್ನವಾಗಿತ್ತು.