ಸರಾಸರಿ ಸರಿಯಿದ್ದರೆ ಸಾಲದು

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ವಾಚಕರು ಬಲ್ಲರು. ಅಷ್ಟು ಹತ್ತಿರದ ಗುರಿ ತಪ್ಪಿದರೆ ಕೈಯನ್ನೇ ದೂರಬೇಕು. ದೂರದ ಗುರಿಯ ಮಾತು ಬೇರೆ. ಅಲ್ಲಿ ಗುಂಡಿನ ವೇಗವನ್ನೂ ವಿಚಾರಿಸಬೇಕು.

ಸೆಕೆಂಡಿಗೆ 500 ಮೀಟರ್ ಓಡುವ ಗುಂಡು, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 200 ಮೀಟರ್ ದಾಟುವಷ್ಟರಲ್ಲಿ 78 ಸೆಂಟಿಮೀಟರ್ ಕೆಳಗಿಳಿಯುತ್ತದೆ. ವೇಗ 450 ಆದರೆ 97 ಸೆಂಟಿಮೀಟರ್. ವ್ಯತ್ಯಾಸ ಹೆಚ್ಚುಕಡಿಮೆ ಒಂದು ಗೇಣು. 1972ರ ವನ್ಯಜೀವಿ ಕಾನೂನಿಗೆ ಮುಂಚಿನ ಬೇಟೆಗಾರನಿಗೆ ಆ ಗೇಣೆಂದರೆ ಕಾಲು ಮುರಿದುಕೊಂಡು ಕಾಡಿನಲ್ಲಿ ನರಳುವ ಪ್ರಾಣಿ.

ಕೈಯಿಂದ ತುಂಬಿದ ತೋಟೆಗಳಲ್ಲಿ ಈ ಏರುಪೇರು ಸಹಜ. ಸೀಸದ ಎರಕದೊಳಗೆ ಗಾಳಿಗುಳ್ಳೆ ಉಳಿದರೆ ಗುಂಡಿನ ತೂಕ ತಗ್ಗುತ್ತದೆ. ನಳಿಗೆಯಲ್ಲಿ ಒಂದು ಬಿಗಿ, ಇನ್ನೊಂದು ಸಡಿಲ. ದೊಡ್ಡ ತೋಟೆಯಲ್ಲಿ ಸ್ವಲ್ಪವೇ ಮದ್ದಿದ್ದರೆ ಅದು ಒಮ್ಮೆ ಹಿಂದೆ, ಒಮ್ಮೆ ಮುಂದೆ ಸರಿದು, ಉರಿಯುವ ಬಗೆಯೇ ಬದಲಾಗುತ್ತದೆ.

ಗಿರಣಿಯವರಾದ ನಮಗೆ ಇದು ಹೊಸದಲ್ಲ. 27 ಮತ್ತು 33ನೇ ನಂಬರಿನ ನೂಲು ಬೆರೆತರೂ ಸರಾಸರಿ 30 ಬರುತ್ತದೆ. ಮಗ್ಗದ ಮೇಲೆ ಎಳೆ ಕಡಿಯುವುದು ತಪ್ಪದು. ಅದಕ್ಕೇ ಲಡಿ ಲಡಿಯಾಗಿ ತೂಗುತ್ತೇವೆ.

ಗುಂಡಿಗೂ ಅದೇ ಕ್ರಮ. 1742ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್, ತೂಗುಬಿಟ್ಟ ಮರದ ಹಲಗೆಗೆ ಗುಂಡು ಹೊಡೆದು, ಅದು ತೂಗಿದಷ್ಟರಿಂದ ವೇಗ ಅಳೆಯುವುದನ್ನು ಪ್ರಕಟಿಸಿದ. ಈಗ ವಿದ್ಯುತ್ ಯಂತ್ರವಿದೆ. ಪ್ರತಿಯೊಂದು ಗುಂಡಿನ ವೇಗವನ್ನೂ ಬೇರೆ ಬೇರೆ ತೋರಿಸುತ್ತದೆ.