ರಸ್ತೆ ಬಿಟ್ರೆ ಅಪಾಯ ಡಬಲ್!

ಈ ಕಾಡಲ್ಲಿ ನಿಮ್ಮ ಮೇಲೆ ತೋಳ ಬೀಳುತ್ತಾ, ಇಲ್ವಾ? ತೀರ್ಮಾನ ಮಾಡೋದು ಒಂದು ದಾಳ.

ಇದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಬರೋವಿಯಾ ಕಣಿವೆ. ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ 1983ರ 'ರೇವನ್‌ಲಾಫ್ಟ್' ಸಾಹಸದಲ್ಲಿ ಕಟ್ಟಿದ ಲೋಕ. ಇಲ್ಲಿನ ಒಡೆಯ ಸ್ಟ್ರಾಡ್, ರಕ್ತ ಹೀರೋ ಪಿಶಾಚಿ. ಸ್ವಾಲಿಚ್ ಕಾಡಿನ ತೋಳ, ಬಾವಲಿಗಳು ಅವನ ಗೂಢಚಾರರು.

ಈಗ 2016ರ 'ಕರ್ಸ್ ಆಫ್ ಸ್ಟ್ರಾಡ್' ಪುಸ್ತಕದ ನಿಯಮ ಕೇಳಿ. ಅರ್ಧ ಗಂಟೆ ಕಳೆದ ಹಾಗೆಲ್ಲ ಆಟ ನಡೆಸೋರು 20 ಮುಖದ ದಾಳ ಉರುಳಿಸ್ತಾರೆ. ನೀವು ರಸ್ತೆಯಲ್ಲಿದ್ದು 18, 19 ಅಥವಾ 20 ಬಿದ್ರೆ ಏನೋ ಎದುರಾಗುತ್ತೆ. ರಸ್ತೆ ಬಿಟ್ಟು ಕಾಡಿಗೆ ನುಗ್ಗಿದ್ರಾ? 15 ಬಿದ್ರೂ ಸಾಕು! ಶೇಕಡಾ 15 ಇದ್ದದ್ದು ಸೀದಾ 30.

ಏನು ಎದುರಾಗುತ್ತೆ? ಹಗಲಿಗೊಂದು ಪಟ್ಟಿ, ರಾತ್ರಿಗೊಂದು ಪಟ್ಟಿ. ಹಗಲಲ್ಲಾದ್ರೆ ಊರಿನ ಜನವಾದ್ರೂ ಸಿಗಬಹುದು. ರಾತ್ರಿ ಪಟ್ಟಿಯಲ್ಲಿ ದೆವ್ವ, ಜೋಂಬಿ, ತೋಳಮಾನವ.

ಓಡಿಹೋಗೋಣ ಅಂತೀರಾ? ಕಣಿವೆ ಸುತ್ತ ದಟ್ಟ ಮಂಜು. ಒಳಗೆ ಹೊಕ್ಕರೆ ಮೈಯಲ್ಲಿ ತ್ರಾಣ ಇರಲ್ಲ, ಎಷ್ಟು ನಡೆದ್ರೂ ಬರೋವಿಯಾಕ್ಕೇ ವಾಪಸ್. ಬಿಡುಗಡೆ ಬೇಕಾ? ಸ್ಟ್ರಾಡ್‌ನ ಸೋಲಿಸಬೇಕು.

ನೀವಾದ್ರೆ ಯಾವುದು ಹಿಡೀತೀರಿ: ರಸ್ತೆಯೋ, ಕಾಡುದಾರಿಯೋ? ಕಾಮೆಂಟಲ್ಲಿ ಹೇಳಿ.